ಕನ್ನಡಿಯಲ್ಲಿ ಒಂದು ಒದ್ದೆ ಗೆರೆ

ಕನ್ನಡಿಯಲ್ಲಿ ಒಂದು ಒದ್ದೆ ಗೆರೆ, ಟ್ರೇಲರಿನ ಹಿಂದೆ ರಸ್ತೆಯ ಮೇಲೆ ದಾರದಷ್ಟು ಸಣ್ಣಗೆ, ಬಿಸಿಲು ತಾಗಿದಲ್ಲಿ ಮಿಂಚಿ ಮಾಯವಾಗುತ್ತದೆ, ತಿರುವಿನಲ್ಲಿ ಮತ್ತೆ ಕಾಣುತ್ತದೆ — ಛಾವಣಿಯ ಮೇಲಿನ ಇಬ್ಬನಿ ಇಳಿಯುತ್ತಿರಬೇಕು, ಇಳಿಯಲಿ, ನಾನು ನೋಡಬೇಕಾದದ್ದು ಎಡಗಡೆಯ ಹಳದಿ ಗೆರೆ ಬಲಗಡೆಯ ಬಿಳಿ ಗೆರೆ, ಎರಡರ ನಡುವೆ ನಾನು, ಅರವತ್ತನಾಲ್ಕು ವರ್ಷದ ಆರ್ಡಿಸ್, ನನ್ನ ಹಿಂದೆ ಮೂವತ್ತೈದು ಅಡಿ ಉದ್ದದ ಮನೆ, ಮಂಚ ಒಲೆ ಸ್ನಾನದ ಕೋಣೆ ಎಲ್ಲ ಇರುವ ಮನೆ, ಅದರ ಕತ್ತು ಈ ಪಿಕಪ್ಪಿನ ಬೆನ್ನ ಮೇಲೆ ಕೂತಿದೆ, ನಾನು ಹೋದಲ್ಲಿಗೆ ಅದೂ ಬರುತ್ತಿದೆ, ಎಂಥ ಖುಷಿ ಇದು, ನಲವತ್ತೊಂದು ವರ್ಷ ಈ ಖುಷಿಯನ್ನೆಲ್ಲ ನನ್ನ ಗಂಡ ಲೋವೆಲ್ ಒಬ್ಬನೇ ಅನುಭವಿಸುತ್ತಿದ್ದನಲ್ಲ, ಬಲಗಡೆ ಕೂತು ನಕ್ಷೆ ಮಡಚುವುದೇ ನನ್ನ ಕೆಲಸವಾಗಿತ್ತು, ಈಗ ನೋಡಿ, ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಬಲಗಡೆ ಕೂತಿರುವವನು ಅವನು, ಗಾಡಿ ಮುಟ್ಟಬೇಡ ಅಂದಿದ್ದಾರೆ ಡಾಕ್ಟರು, ಮೂರು ವಾರ. ಬಾಯಿ ಮುಚ್ಚಿಕೊಂಡಿರು ಎಂದು ಮಾತ್ರ ಹೇಳಲಿಲ್ಲ. ಮೂತಿ ಎತ್ತಿದೆ ಕಣೇ ಗಾಡಿ, ಹಿಂದುಗಡೆ ಕೂತ್ಕೊಂಡ್ಬಿಟ್ಟಿದೆ, ನಿಂಗೆ ಸ್ಟೀರಿಂಗ್ ಹಗುರ ಅನ್ಸಲ್ವಾ ಅನ್ನುತ್ತಾನೆ. ಇಲ್ಲ. ಸುಳ್ಳು, ಹಗುರವಾಗಿಯೇ ಇದೆ, ಮುಂದಿನ ಗಾಲಿಗಳು ನೆಲವನ್ನು ಬರೀ ಮಾತನಾಡಿಸಿಕೊಂಡು ಹೋಗುತ್ತಿರುವಂತಿದೆ, ಆದರೆ ಹೇಳಿದರೆ ಮುಂದಿನ ಮಾತು ಟ್ರೇಲರಿನಲ್ಲಿ ಹೇರಿರುವ ನನ್ನ ಚರ್ಚಿನ ಆರ್ಗನ್, ಅದು ನನಗೆ ಗೊತ್ತು. ಇಲ್ಲಿಂದ ಇಪ್ಪತ್ತು ಮೈಲಿಗೆ ಬೆಲ್ ಫೋರ್ಷ್ ಊರು, ಅಲ್ಲಿ ಲಾರಿಗಳ ತಂಗುದಾಣದಲ್ಲಿ ಗಾಡಿ ತೂಗುವ ವೇಬ್ರಿಡ್ಜ್, ನಮ್ಮ ಕರಾರು ಸರಳ: ಬಾಗಿಲ ಸಂದಿಯಲ್ಲಿ ಅಂಟಿಸಿರುವ ಹಳದಿ ಚೀಟಿಯಲ್ಲಿ ಪಿಕಪ್ಪಿನ ಒಟ್ಟು ತೂಕ ಹೆಚ್ಚೆಂದರೆ ಹನ್ನೊಂದು ಸಾವಿರದ ಐನೂರು ಪೌಂಡ್ ಅಂತಿದೆ, ಟ್ರೇಲರಿನ ಕತ್ತಿನ ಭಾರವೂ ಸೇರಿ, ಒಂದು ಪೌಂಡ್ ಹೆಚ್ಚಾದರೂ ಆರ್ಗನ್ ಅಲ್ಲೇ ಇಳಿಯಬೇಕು, ಅವನ ತಂಗಿ ಕೊರಿನ್‌ಳ ಗ್ಯಾರೇಜಿನಲ್ಲಿ, ಅವಳ ಏಳು ಬೆಕ್ಕುಗಳ ನಡುವೆ. ಕೊರಿನ್ ಆಗಲೇ ಕಾರು ಹೊರಗೆ ನಿಲ್ಲಿಸಿ ಜಾಗ ಮಾಡಿಟ್ಟಿದ್ದಾಳೆ, ನಿನ್ನೆ ಫೋನಿನಲ್ಲಿ ಎಷ್ಟು ಉತ್ಸಾಹ ಅವಳಿಗೆ, ಅತ್ಗೆ ನೀವೇನೂ ಯೋಚ್ನೆ ಮಾಡ್ಬೇಡಿ ಹಳೇ ರಗ್ಗು ಹೊದ್ಸಿಡ್ತೀನಿ. ಬೆಕ್ಕುಗಳು ಆರ್ಗನ್‌ಗೆ ಗಾಳಿ ಊದುವ ಆ ತಿದಿಯ ಚರ್ಮವನ್ನು ಒಂದೇ ವಾರದಲ್ಲಿ ಪರಚಿ ಮುಗಿಸುತ್ತವೆ.

ಮೂವತ್ತೊಂದು ವರ್ಷ ಆ ತಿದಿಯನ್ನು ತುಳಿದ ಕಾಲು ಇದು, ಈಗ ಆಕ್ಸಿಲರೇಟರ್ ತುಳಿಯುತ್ತಿರುವ ಇದೇ ಬಲಗಾಲು. ನಮ್ಮ ಚರ್ಚಿಗೆ ಕೊನೆಕೊನೆಗೆ ಬರುತ್ತಿದ್ದವರು ಏಳು ಜನ, ಅವರಲ್ಲಿ ಇಬ್ಬರಿಗೆ ಕಿವಿ ಕೇಳದು, ಆದರೂ ನಾನು ನುಡಿಸಿದೆ, ಕಳೆದ ವರ್ಷದ ವಸಂತದಲ್ಲಿ ಬಾಗಿಲಿಗೆ ಬೀಗ ಹಾಕಿದ ದಿನ ಪಾದ್ರಿಗಳು ಬೆಂಚು ಒಬ್ಬರಿಗೆ ಗಂಟೆ ಒಬ್ಬರಿಗೆ ಹಂಚಿ ಆರ್ಗನ್ ಆರ್ಡಿಸ್‌ಗೇ ಅಂದರು, ನಾನು ಅತ್ತೆ, ಲೋವೆಲ್ ಅದರ ಒಂದು ತುದಿ ಎತ್ತಿ ನೋಡಿ ಮುನ್ನೂರು ಪೌಂಡ್ ಇದೆ ಅಂದ, ಅವನು ಅತ್ತದ್ದು ಹಾಗೆ. ಅರಿಜೋನಾದಲ್ಲಿ ನಾವು ಚಳಿಗಾಲ ಕಳೆಯುವ ಬಯಲಿನಲ್ಲಿ ಪ್ರತಿ ಭಾನುವಾರ ತೊಂಬತ್ತು ಜನ ಮಡಚುವ ಕುರ್ಚಿ ಹಾಕಿಕೊಂಡು ಹಾಡುತ್ತಾರೆ, ಎಲ್ಲರೂ ನಮ್ಮ ಹಾಗೆ ಮನೆ ಎಳೆದುಕೊಂಡು ಬಂದವರು, ಹಾಡುವುದು ಒಂದು ಸಣ್ಣ ಸ್ಪೀಕರಿನ ಜೊತೆಗೆ, ಅದು ನಡುವೆ ಕೆಮ್ಮುತ್ತದೆ, ಮುಂದಿನ ಸಲ ಆರ್ಗನ್ ತರ್ತೀನಿ ಎಂದು ಈ ಮಾರ್ಚಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ, ತೊಂಬತ್ತು ಜನರೂ ಚಪ್ಪಾಳೆ ಹೊಡೆದರು, ಕೊಟ್ಟ ಮಾತಿಗೆ ಎಷ್ಟು ತೂಕ ಎಂದು ಆಗ ಯಾರೂ ಕೇಳಲಿಲ್ಲ. ಆಮೇಲೆ ಶುರುವಾಯಿತು ಲೋವೆಲ್‌ನ ತಪಸ್ಸು, ಮನೆಯ ಒಂದೊಂದು ಸಾಮಾನನ್ನೂ ಅಪ್ಪಿಕೊಂಡು ಬಚ್ಚಲಿನ ತೂಕದ ಯಂತ್ರದ ಮೇಲೆ ನಿಲ್ಲುವುದು, ತನ್ನ ತೂಕ ಕಳೆಯುವುದು, ಇದು ಬೇಡ ಅನ್ನುವುದು, ನನ್ನ ಕಬ್ಬಿಣದ ಬಾಣಲೆ ಬೇಡ, ನನ್ನ ಚಳಿಗಾಲದ ಬೂಟು ಬೇಡ, ಉಪ್ಪಿನ ಜಾಡಿಯನ್ನೂ ಅಪ್ಪಿಕೊಂಡು ನಿಂತಿದ್ದ, ಪೂರ್ತಿ ಒಂದೂವರೆ ಪೌಂಡ್ ಇದೆಯಲ್ಲೇ ಇದು. ನೀರಿನ ಟ್ಯಾಂಕು ಖಾಲಿ ಇಟ್ಟಿದ್ದೀನಿ ನೋಡು ನಿನ್ನ ಆರ್ಗನ್‌ಗೋಸ್ಕರ ಅಂದ, ಅದು ಮಾತ್ರ ದೊಡ್ಡ ತ್ಯಾಗ, ನಾನು ಒಪ್ಪಬೇಕು, ಏಕೆಂದರೆ ಪ್ರತಿ ವರ್ಷ ನಮ್ಮ ಹೊಲದ ಬಾವಿಯ ನೀರನ್ನೇ ತುಂಬಿಸಿಕೊಂಡು ಸಾವಿರದ ನಾನೂರು ಮೈಲಿ ಹೊತ್ತುಕೊಂಡು ಹೋಗಿ ಅದರಲ್ಲೇ ಕಾಫಿ ಮಾಡಿಸಿಕೊಳ್ಳುವ ಗಂಡಸು ಇವನು, ಅರಿಜೋನಾದ್ದು ನೀರೇ ಅಲ್ಲ ಕಣೇ ಸೀಮೆಸುಣ್ಣ ಕಲಸಿದ್ದು ಅದು.

ಆ ಬಾವಿಯ ನೀರು — ಮದುವೆಗೆ ಮುಂಚೆ ಮೊದಲ ಸಲ ಅವರ ಮನೆಗೆ ಹೋದ ದಿನ ಅವನ ತಾಯಿ ಒಂದು ಉದ್ದ ಲೋಟದಲ್ಲಿ ತಂದುಕೊಟ್ಟು ಎದುರಿಗೇ ನಿಂತರು, ಕುಡಿದೆ, ಮೊಳೆ ನೆಕ್ಕಿದ ಹಾಗಿತ್ತು, ಚೆನ್ನಾಗಿದೆ ಅಂದೆ, ಆ ಒಂದು ಮಾತಿಗೆ ನಲವತ್ತೊಂದು ವರ್ಷದಿಂದ ಮೊಳೆ ನೆಕ್ಕುತ್ತಿದ್ದೇನೆ. ಬಿಸ್ಮಾರ್ಕ್ ಪಟ್ಟಣದ ಆಸ್ಪತ್ರೆಯಲ್ಲಿ ಅವನ ಎದೆ ಕೊಯ್ದು ಹೊಲಿದ ಚಳಿಗಾಲದಲ್ಲಿ ನಾನೇ ಒಂದು ಬಾಟಲಿ ಒಯ್ದಿದ್ದೆ, ಹತ್ತಿಯನ್ನು ಅದ್ದಿ ತುಟಿಗೆ ಒತ್ತಿದೆ, ಕಣ್ಣು ಬಿಡದೆಯೇ ನಮ್ಮನೇದು ಅಂದ, ಎಚ್ಚರ ಬಂದಮೇಲೆ ಆಡಿದ ಮೊದಲ ಮಾತು, ನನ್ನ ಹೆಸರಲ್ಲ, ನಮ್ಮನೇದು. ಆವತ್ತಿನಿಂದ ಆ ನೀರಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಗಾಳಿ ಅಡ್ಡಲಾಗಿ ತಳ್ಳುತ್ತಿದೆ, ಹಿಡಿ ಹಿಡಿ ಅನ್ನುತ್ತಾನೆ, ಹಿಡಿದೇ ಇದ್ದೀನಿ ಮಹರಾಯ, ನಿನಗಿಂತ ಮೊದ್ಲೇ ಲಾರಿ ಓಡ್ಸಿದವಳು ನಾನು. ನಿಜ, ಹದಿಮೂರಕ್ಕೇ ಅಪ್ಪನ ಗೋಧಿ ಲಾರಿ, ಕ್ಲಚ್ಚು ಮುಟ್ಟಲು ಬೆನ್ನ ಹಿಂದೆ ಎರಡು ದಿಂಬು, ಊರ ಗೋಧಿ ಗೋದಾಮಿನ ವೇಬ್ರಿಡ್ಜಿನಲ್ಲಿ ತುಂಬಿದ ಲಾರಿ ತೂಗುವಾಗ ನಾನು ಒಳಗೇ ಕೂತಿರುತ್ತಿದ್ದೆ, ಸುರಿದು ಬಂದು ಖಾಲಿ ಲಾರಿ ತೂಗುವಾಗ ಇಳಿದು ಐಸ್‌ಕ್ಯಾಂಡಿ ತರಲು ಓಡುತ್ತಿದ್ದೆ, ನಾನೂ ಗೋಧಿಯ ಲೆಕ್ಕಕ್ಕೆ ಸೇರಿಬಿಡುತ್ತಿದ್ದೆ, ತೂಗುವ ಐನಾರ್ ಮಾವ ಕಿಟಕಿಯಿಂದ ತಲೆ ಹಾಕಿ, ಏ ಹುಡುಗಿ, ಬಂದು ಹತ್ತು, ನಿನ್ನನ್ನ ನಾನು ಬೀಸೋಕಾಗಲ್ಲ. ಅಂಥವಳು ನಾನು, ವೇಬ್ರಿಡ್ಜಿನ ಎದುರು ಕಳ್ಳಾಟ ನಡೆಯುವುದಿಲ್ಲ ಎಂದು ಹದಿಮೂರಕ್ಕೇ ಕಲಿತವಳು, ಈಗ ನೋಡಿ ಏನು ಮಾಡಿದ್ದೇನೆ.

ಪುಸ್ತಕ. ಆರ್ಗನ್ ಜೊತೆಗೆ ಚರ್ಚಿನ ಹಾಡಿನ ಪುಸ್ತಕಗಳು, ಹಸಿರು ರಟ್ಟಿನವು, ಒಂದೊಂದೂ ಎರಡು ಪೌಂಡ್, ಎರಡು ಪೆಟ್ಟಿಗೆ ತಗೊಂಡ್ಹೋಗು ಸಾಕು ಅಂದಿದ್ದ ಲೋವೆಲ್, ಎರಡು ಪೆಟ್ಟಿಗೆ ಅಂದರೆ ನಲವತ್ತು ಪುಸ್ತಕ, ತೊಂಬತ್ತು ಜನ ನಲವತ್ತು ಪುಸ್ತಕದಲ್ಲಿ ಹೇಗೆ ಹಾಡುತ್ತಾರೆ, ಕನ್ನಡಕ ಮರೆತವರು ಪಕ್ಕದವರ ಮಡಿಲಿಗೆ ಬಾಗಿ ಗುನುಗುವುದನ್ನು ನಾನು ಮೂವತ್ತೊಂದು ವರ್ಷ ಕೇಳಿದ್ದೇನೆ, ಹಾಗಾಗಿ ಅವನು ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದಾಗ ಇನ್ನೂ ನಾಲ್ಕು ಪೆಟ್ಟಿಗೆ ಹೊತ್ತು ಮಂಚದ ಕೆಳಗೆ ತುರುಕಿದೆ, ನೂರ ಅರವತ್ತು ಪೌಂಡ್, ಮಂಚ ಇರುವುದು ಸರಿಯಾಗಿ ಟ್ರೇಲರಿನ ಕತ್ತಿನ ಮೇಲೆ, ಅಂದರೆ ಅಷ್ಟೂ ಭಾರ ಪಿಕಪ್ಪಿನ ಬೆನ್ನಿಗೆ. ಮೂತಿ ಎತ್ತದೆ ಇನ್ನೇನು ಮಾಡೀತು ಪಾಪದ ಗಾಡಿ. ಲೆಫ್ಸೆ ತಿಂತೀಯಾ ಅನ್ನುತ್ತಾನೆ, ಆಲೂಗಡ್ಡೆಯ ಆ ತೆಳು ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುತ್ತಿ ನನ್ನ ಬಾಯಿಗೇ ಹಿಡಿಯುತ್ತಾನೆ, ಕಣ್ಣು ಮಂಜಾಗಿರುವುದರಿಂದ ಮೊದಲು ಕಿವಿಗೆ ತಾಗುತ್ತದೆ, ಇಬ್ಬರೂ ನಗುತ್ತೇವೆ, ಇಂಥವನಿಗೆ ಸುಳ್ಳು ಹೇಳಿದೆನಲ್ಲ, ಮತ್ತೆ ಕನ್ನಡಿ, ಮತ್ತೆ ಆ ಒದ್ದೆ ಗೆರೆ, ಇಬ್ಬನಿಯಾಗಿದ್ದರೆ ಇಷ್ಟು ಹೊತ್ತಿಗೆ ಆರಬೇಕಿತ್ತು. ಲೋವೆಲ್, ಹಿಂದೆ ಏನೋ ಸೋರ್ತಿದೆ ಕಣೋ. ಸೋರ್ಲಿ ಬಿಡು, ರಸ್ತೆ ನೋಡು. ಇಷ್ಟು ಬೇಗ ಬಿಡುವವನಲ್ಲ ಅವನು, ಒಂದು ಹನಿ ಎಣ್ಣೆ ಬಿದ್ದರೂ ಗಾಡಿಯ ಕೆಳಗೆ ಮಲಗುವವನು.

ಬಂತು ತಂಗುದಾಣ, ಎಡಕ್ಕೆ ದೀಪ ಹಾಕಿ ಅಗಲವಾಗಿ ತಿರುಗಿಸಿದೆ, ಮೂವತ್ತೈದು ಅಡಿ ಮನೆ ಒಂದು ಕಲ್ಲನ್ನೂ ಮುಟ್ಟದೆ ತಿರುಗಿತು, ಲೋವೆಲ್ ಒಮ್ಮೆ ತಲೆದೂಗಿದ, ಅದೇ ನನಗೆ ಪದಕ. ಮುಂದಿನ ಗಾಲಿ ವೇಬ್ರಿಡ್ಜಿನ ಒಂದು ಹಾಸಿನ ಮೇಲೆ, ಹಿಂದಿನ ಗಾಲಿ ಇನ್ನೊಂದರ ಮೇಲೆ, ಟ್ರೇಲರಿನವು ಮೂರನೆಯದರ ಮೇಲೆ, ಗುಂಡಿ ಒತ್ತಿದೆ, ಕಂಬದ ಸ್ಪೀಕರಿನೊಳಗಿಂದ ಹೆಂಗಸಿನ ದನಿ, ಏನ್ ಲೋಡು ಅಕ್ಕಾ, ಒಂದು ಮನೆ ಒಬ್ಬ ಗಂಡ ಅಂದೆ, ಗಂಡ ಗಾಡಿಯಲ್ಲೇ ಇರ್ಲಿ, ಇಳಿಸ್ಬೇಡಿ ಅಂದಳು. ಗಾಡಿಯನ್ನು ಪಕ್ಕದ ಜಲ್ಲಿ ಬಯಲಿಗೆ ಸರಿಸಿ ಚೀಟಿ ತರಲು ಒಳಗೆ ಹೋದೆ, ಪಿಕಪ್ಪಿನದ್ದು ಹನ್ನೊಂದು ಸಾವಿರದ ಆರುನೂರ ನಲವತ್ತು, ನೂರ ನಲವತ್ತು ಹೆಚ್ಚು. ನಾಲ್ಕು ಪೆಟ್ಟಿಗೆ ಪುಸ್ತಕ ಇಳಿಸಿದರೆ ಸರಿಹೋಗುತ್ತದೆ, ಆದರೆ ಹಾಗೆ ಇಳಿಸಲು ಮೊದಲು ಇದೆ ಎಂದು ಹೇಳಬೇಕು, ಹೇಳದಿದ್ದರೆ ಆರ್ಗನ್ ಬೆಕ್ಕುಗಳಿಗೆ, ಬಂದು ಹತ್ತು ಹುಡುಗಿ, ಐನಾರ್ ಮಾವ ಸತ್ತು ಇಪ್ಪತ್ತು ವರ್ಷವಾಯಿತು, ಕಿಟಕಿಯಿಂದ ಇನ್ನೂ ತಲೆ ಹಾಕುತ್ತಾನೆ. ಲೋವೆಲ್ ಟ್ರೇಲರಿಗೆ ಒರಗಿ ನಿಂತಿದ್ದ, ಎಷ್ಟು ಅಂದ. ನೂರ ನಲವತ್ತು ಜಾಸ್ತಿ, ಲೋವೆಲ್ ಕೇಳು, ತಪ್ಪು ನಂದು, ಮಂಚದ ಕೆಳಗೆ ಎರಡಲ್ಲ ಆರು ಪೆಟ್ಟಿಗೆ ಪುಸ್ತಕ ಇದೆ. ಗೊತ್ತು ಅಂದ. ಹೆಂಗೆ ಗೊತ್ತು. ಟಾರ್ಚ್ ಹುಡುಕೋಕೆ ಹೋಗಿ ಒಂದು ಪೆಟ್ಟಿಗೆ ಎತ್ತಿದ್ದೆ, ಇನ್ನೂ ಸೊಂಟ ಹಿಡ್ಕೊಂಡಿದೆ. ಮತ್ತೆ ಯಾಕೆ ಹೇಳ್ಲಿಲ್ಲ. ನಂಗೆ ಹೇಳೋ ಮುಖ ಎಲ್ಲಿತ್ತು ಅಂದು ಮಂಡಿಯೂರಿ ಟ್ರೇಲರಿನ ಹೊಟ್ಟೆಗೆ ಕೈ ಹಾಕಿ ಒಂದು ತಿರುಪು ತಿರುಗಿಸಿದ.

ನೀರು. ಮಣಿಕಟ್ಟಿನಷ್ಟು ದಪ್ಪ ಧಾರೆ, ಜಲ್ಲಿಯ ಮೇಲೆ ಬಿದ್ದು ಸಿಡಿದು ಹರಿಯಿತು, ತುಕ್ಕಿನ ವಾಸನೆ, ನಲವತ್ತೊಂದು ವರ್ಷದ ವಾಸನೆ, ಮೂಗಿಗೇ ಗೊತ್ತಾಯಿತು. ಟ್ಯಾಂಕ್ ಖಾಲಿ ಅಂದಿದ್ಯಲ್ಲೋ. ತುಂಬಿಸಿದ್ದೆ. ಎಷ್ಟು. ಬಾಯಿಮಟ್ಟ, ಅರವತ್ತು ಗ್ಯಾಲನ್. ಉಪ್ಪಿನ ಜಾಡಿ ಅಪ್ಪಿಕೊಂಡು ತೂಗಿದ ಮನುಷ್ಯ ಐನೂರು ಪೌಂಡ್ ನೀರು ಕದ್ದು ತಂದಿದ್ದಾನೆ, ಅದೇ ತುಳುಕಿ ತುಳುಕಿ ನೂರು ಮೈಲಿ ರಸ್ತೆಯ ಮೇಲೆ ಚಾಡಿ ಹೇಳಿಕೊಂಡು ಬಂದಿದೆ, ನನಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತೆ, ಅವನೂ ಮಂಡಿಯೂರಿದಲ್ಲೇ ನಗುತ್ತಿದ್ದ, ಭುಜ ಕುಣಿಯುತ್ತಿತ್ತು. ಟ್ಯಾಂಕ್ ಗಾಲಿಗಿಂತ ಮುಂದಿದೆ ಅಲ್ವಾ, ಇದರ ಭಾರ ಮೂರರಲ್ಲಿ ಒಂದು ಪಾಲು ಪಿಕಪ್ ಮೇಲೆ, ಇದು ಹೋದ್ರೆ ನೂರ ಅರವತ್ತು ಇಳಿಯುತ್ತೆ, ಇಪ್ಪತ್ತು ಮಿಗುತ್ತೆ, ನಿನ್ನ ಬಾಣಲೆ ತರಬಹುದಿತ್ತು ಅಂದ. ಬೇಡ ಲೋವೆಲ್ ನಿಲ್ಲಿಸು, ಪುಸ್ತಕ ಇಳಿಸಿದ್ರೂ ಅಷ್ಟೇ ಇಳಿಯುತ್ತೆ, ಕೊರಿನ್ ಮನೇಲಿಡೋಣ, ಜನ ಹಂಚ್ಕೊಂಡು ಹಾಡ್ಲಿ. ತಿರುಪಿನ ಮೇಲಿಂದ ಕೈ ತೆಗೆಯಲಿಲ್ಲ ಅವನು, ಕಪ್ಪು ಕನ್ನಡಕ ನೀರಿನ ಕಡೆಗೇ ಇತ್ತು. ಆ ಪುಸ್ತಕ ಅಲ್ಲಿ ಸಿಗಲ್ಲ ಆರ್ಡಿಸ್, ನೀರು ಸಿಗುತ್ತೆ ಅಂದ. ನೀರು ಸಿಗುತ್ತೆ ಅಂದ, ಸೀಮೆಸುಣ್ಣ ಅನ್ನುತ್ತಿದ್ದವನು, ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಅದನ್ನು ನೀರು ಅಂದ. ನಾನು ಓಡಿದೆ, ಕ್ಯಾಬಿನಿಂದ ಫ್ಲಾಸ್ಕ್ ತಂದೆ, ಇದ್ದ ಕಾಫಿ ಚೆಲ್ಲಿ ಧಾರೆಯ ಕೆಳಗೆ ಹಿಡಿದೆ, ತುಂಬುವ ಮುಂಚೆ ಒಂದು ಗುಟುಕು ಕುಡಿದೆ, ಅದೇ ಮೊಳೆ, ಅದೇ ತುಕ್ಕು, ಚೆನ್ನಾಗಿದೆ ಅಂದೆ, ಈ ಸಲ ಸುಳ್ಳಲ್ಲ. ಎರಡು ಪೌಂಡ್ ಇರುತ್ತೆ ಅದು ಅಂದ. ಇರ್ಲಿ, ಬಾಣಲೆ ತಂದಿಲ್ವಲ್ಲ.

ಎರಡನೆಯ ಚೀಟಿ ಹನ್ನೊಂದು ಸಾವಿರದ ನಾನೂರ ಎಂಬತ್ತು, ಕೊರಿನ್‌ಗೆ ಫೋನ್ ಮಾಡಿ ಕಾರು ಒಳಗೆ ನಿಲ್ಲಿಸ್ಕೊಳಮ್ಮಾ ಅಂದೆ, ಹೊರಟೆವು, ಮೂತಿ ಸ್ವಲ್ಪ ಇಳಿದಿದೆ, ಸ್ಟೀರಿಂಗ್ ಕೈಗೆ ಸಿಗುತ್ತಿದೆ, ಫ್ಲಾಸ್ಕ್ ಅವನ ತೊಡೆಯ ಮೇಲೆ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ, ಅರಿಜೋನಾದಲ್ಲಿ ಮೊದಲ ಬೆಳಗಿನ ಕಾಫಿ ಇದರಲ್ಲೇ, ಎರಡೇ ಲೋಟ ಆಗುತ್ತದೆ, ಆಮೇಲೆ ಭಾನುವಾರ, ತೊಂಬತ್ತು ಹಸಿರು ಪುಸ್ತಕ ಒಟ್ಟಿಗೆ ತೆರೆಯುವ ಸದ್ದು, ನಾನು ತಿದಿ ತುಳಿಯುತ್ತೇನೆ, ಅವನು ಕೊನೆಯ ಸಾಲಿನಲ್ಲಿ ಅಪಸ್ವರ ಹಾಡುತ್ತಾನೆ, ತುಳಿಯುತ್ತೇನೆ, ಎಡಕ್ಕೆ ಹಳದಿ ಬಲಕ್ಕೆ ಬಿಳಿ, ಮತ್ತೆ ಕನ್ನಡಿ ನೋಡುತ್ತೇನೆ, ಹಿಂದೆ ರಸ್ತೆ ಒಣಗಿದೆ, ಆದರೂ ನೋಡುತ್ತೇನೆ, ತಂಗುದಾಣದ ಜಲ್ಲಿಯಿಂದ ಇಳಿದು ನಮ್ಮ ಹಿಂದೆಯೇ ರಸ್ತೆಯ ಅಂಚಿನವರೆಗೆ ಬಂದಿತ್ತು ಅದು, ಬಿಸಿಲಲ್ಲಿ, ದಾರದಷ್ಟು ಸಣ್ಣಗೆ, ಒಂದು ಒದ್ದೆ ಗೆರೆ