ಬೆನ್ನ ಮೇಲಿನ ಹೆಸರು

ಶಾಲೆಯ ಅಂಗಿ ಒಣಗಿರಲಿಲ್ಲ. ಹಾಲವ್ವ ಅದನ್ನು ಮತ್ತೆ ಹಿಂಡಿದಳು, ಕೊಡವಿದಳು, ಸ್ಟೋವಿನ ಮೇಲೆ ಹಿಡಿದಳು. ಕಾಲರಿನಿಂದ ಹಬೆ ಎದ್ದಿತೇ ಹೊರತು ಹಸಿ ಆರಲಿಲ್ಲ. ಜೋಗೇಶ್ವರಿ ಗುಡ್ಡದ ಮಗ್ಗುಲಿನ ಆ ಝೋಪಡಿಯಲ್ಲಿ ಮಳೆಗಾಲ ಹೊಕ್ಕಿತೆಂದರೆ ಹಾಸಿಗೆಯೂ ಒದ್ದೆ, ಬೆಂಕಿಪೆಟ್ಟಿಗೆಯೂ ಒದ್ದೆ. ಮೇಲೆ ತಾಡಪತ್ರಿ, ಕೆಳಗೆ ಕೆಸರು.

"ಹಸೀದ ಹಾಕ್ಕೋತೀನಿ ತಾ ಯವ್ವಾ," ಎಂದಳು ಸೇವಂತಿ. ನಾಲ್ಕನೇ ಇಯತ್ತೆಯ ಹುಡುಗಿ. ಕೆಮ್ಮು ಹಿಡಿದು ವಾರವಾಗಿತ್ತು.

"ಸಾಯ್ತೀ ಏನು? ಹಳದಿ ಫ್ರಾಕ್ ಅದಲ್ಲ, ಅದನ್ನ ಹಾಕ್ಕೊಂಡು ಹೋಗು. ಒಂದಿನಕ್ಕ ಏನಾಗ್ತದ?"

"ಬಾಹೇರ ಹಾಕ್ತಾರ, ಗೇಟಿನ ಹೊರಗ."

"ಯಾರೂ ಹಾಕಂಗಿಲ್ಲ. ಶಾಲಿಯವರೂ ನಮ್ಮ ಕನ್ನಡದವರೇ ಹೌದಲ್ಲ?"

ಹಾಲವ್ವ ಇಟ್ಟುಕೊಂಡಿದ್ದ ನಂಬಿಕೆ ಅದೊಂದೇ. ಕಲಬುರಗಿ ಸೀಮೆಯಿಂದ ಈ ಮರಾಠಿ ಶಹರಕ್ಕೆ ಬಂದು ಗಾರೆ ಹೊರುವವರ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವ ಶಾಲೆ ಅದು. ಮಾಟುಂಗದ ದೊಡ್ಡ ಮಂದಿ ಸೇರಿ ಕಟ್ಟಿದ ಸಂಘದ್ದು.

ಶಾಲೆಯ ಎದುರಿಗೇ ಹೊಸ ಬಿಲ್ಡಿಂಗ್ ಏಳುತ್ತಿತ್ತು. ಮೂರನೇ ಮಾಳಿಗೆಗೆ ಗಾರೆಯ ಘಮೇಲಾ ಹೊತ್ತು ಏರಿದ ಹಾಲವ್ವ ಸುಮ್ಮನೆ ಕೆಳಗೆ ನೋಡಿದಳು. ಶಾಲೆಯ ಗೇಟಿನ ಬಳಿ, ಸೋರುವ ತಗಡಿನ ಕೆಳಗೆ, ಹಳದಿ ಫ್ರಾಕು ನಿಂತಿತ್ತು. ಮಧ್ಯಾಹ್ನದ ಸುಟ್ಟಿಯ ಹೊತ್ತಿಗೂ ಅದು ಅಲ್ಲೇ ಇತ್ತು.

ಘಮೇಲಾ ಕೆಳಗಿಟ್ಟಳು.

"ಏ ಬಾಯಿ, ಕಿಧರ್? ಖಾಡಾ ಲಗೇಗಾ!" ಕೆಲಸ ನೋಡುವ ಮುಕಾದಮ್ ಕೂಗಿದ.

"ಲಗನೇ ದೋ," ಎಂದು ಇಳಿದುಹೋದಳು. ಖಾಡಾ ಬಿತ್ತು, ದಿನದ ಕೂಲಿ ಹೋಯಿತು.

ಹೆಡ್‌ಮಾಸ್ತರ ಸತ್ಯಮೂರ್ತಿ ಕುರ್ಚಿ ಬಿಟ್ಟು ಏಳಲಿಲ್ಲ. ಅವಳ ಕಾಲಿನ ಸಿಮೆಂಟು ನೆಲಕ್ಕೆ ಹತ್ತುವುದನ್ನೇ ನೋಡುತ್ತಿದ್ದರು.

"ನೋಡಮ್ಮ, ಯೂನಿಫಾರ್ಮ್ ಯಾಕೆ ಮಾಡಿರೋದು? ಬಡವರು, ಶ್ರೀಮಂತರು ಅನ್ನೋ ಭೇದ ಮಕ್ಕಳಲ್ಲಿ ಬರಬಾರದು ಅಂತ. ನಿಮ್ಮಂಥವರ ಒಳ್ಳೇದಕ್ಕೇನೇ."

"ನಮ್ಮಂಥೋರ ಮಗಳನ್ನೇ ಹೊರಗ ನಿಂದರಿಸೀರಲ್ರಿ ಸರ್. ಭೇದ ಹೋತೇನ್ರಿ?"

"ವಾದ ಮಾಡ್ಬೇಡ. ಎರಡು ಜೊತೆ ಇಟ್ಕೊಳ್ಳಿ ಅಂತ ಮೊದಲೇ ಹೇಳಿದ್ವಿ."

ಪಕ್ಕದ ಸೋಫಾದಲ್ಲಿ ಕೂತಿದ್ದವರು ಶಾಲೆಯ ಅಧ್ಯಕ್ಷ ಸೀತಾರಾಮ. ಮುಲುಂಡಿನಲ್ಲಿ ಮನೆ, ಕಾರು. ಬೆಂಗಳೂರಿನ ಕಡೆಯವರು. ಅವರು ನಕ್ಕರು.

"ಹೋಗಲಿ ಬಿಡಿ ಸತ್ಯಮೂರ್ತಿ. ಪಾಪ, ಇಲ್ಲದವರು. ಇಂಥ ಮಕ್ಕಳಿಗೆಲ್ಲ ನಾನೇ ಒಂದೊಂದು ಜೊತೆ ಕೊಡಿಸ್ತೀನಿ."

ಹಾಲವ್ವ ಬಗ್ಗಿ ಅವರ ಕಾಲು ಮುಟ್ಟಿದಳು.

ಮುಂದಿನ ಭಾನುವಾರ ಸಮಾರಂಭ. ತಾಯಂದಿರನ್ನು ಮುಂದೆ ಜಮಖಾನದ ಮೇಲೆ ಕೂರಿಸಿದರು. ಒಂದೊಂದೇ ಮಗುವನ್ನು ವೇದಿಕೆಗೆ ಕರೆದು ಪ್ಲಾಸ್ಟಿಕ್ಕಿನ ಪೊಟ್ಟಣ ಕೈಗಿಟ್ಟರು. ಫೋಟೋದವನಿಗೆ ಸರಿಬರಲಿಲ್ಲವೆಂದು ಸೇವಂತಿಗೆ ಕೊಟ್ಟದ್ದನ್ನು ಕಸಿದುಕೊಂಡು ಮತ್ತೊಮ್ಮೆ ಕೊಟ್ಟರು. "ನಗು ಪುಟ್ಟಾ, ನಗು," ಎಂದು ವಿಮಲಾ ಟೀಚರ್ ಬದಿಯಿಂದ ಸನ್ನೆ ಮಾಡಿದರು. ಹುಡುಗಿ ಹಲ್ಲು ತೋರಿಸಿತು. ಕೆಳಗೆ ಹಾಲವ್ವನ ಕಣ್ಣು ತುಂಬಿತ್ತು. ಅಂಗಿ ಒಣಗಲಿ ಬಿಡಲಿ, ಇನ್ನು ಮಗಳು ಒಳಗೇ ಕೂರುತ್ತಾಳೆ.

ಆದರೆ ಸೇವಂತಿ ಹೊಸ ಅಂಗಿಯನ್ನು ಮುಟ್ಟಲೇ ಇಲ್ಲ. ಹಸಿ ಅಂಗಿಯನ್ನೇ ಎಳೆದುಕೊಂಡು ಹೋಗುತ್ತಿದ್ದಳು. ಕೆಮ್ಮು ಎದೆಗಿಳಿಯಿತು. ಒಂದು ಬೆಳಿಗ್ಗೆ ಹಾಲವ್ವನ ಸೈರಣೆ ಹರಿಯಿತು.

"ಬಂಗಾರದಂಥ ಅಂಗಿ ಮನ್ಯಾಗಿಟ್ಟು ಹಸೀದು ಹಾಕ್ಕೋತೀ? ಸೊಕ್ಕು ಬಂದದ ನಿನಗ!" ಕೆನ್ನೆಗೆ ಒಂದು ಬಿಟ್ಟು, ತಾನೇ ತೊಡಿಸಿ, ಗುಂಡಿ ಹಾಕಿ ಕಳಿಸಿದಳು. ಹುಡುಗಿ ಅಳಲಿಲ್ಲ.

ಸಂಜೆ ಬಂದಾಗ ಅಂಗಿ ಉಲ್ಟಾ ಇತ್ತು. ಹೊಲಿಗೆಗಳೆಲ್ಲ ಹೊರಗೆ.

"ಇದೇನ ಅವತಾರ?"

ಸೇವಂತಿ ಅಂಗಿ ಬಿಚ್ಚಿ, ಸರಿಮಾಡಿ, ತಾಯಿಯ ತೊಡೆಯ ಮೇಲೆ ಹಾಸಿದಳು. ಬೆನ್ನಿನ ಮೇಲೆ ಅಗಲಕ್ಕೂ ಕೆಂಪು ಅಕ್ಷರ. ಹಾಲವ್ವ ಮೊದಲೇ ನೋಡಿದ್ದಳು. ಶಾಲೆಯ ಹೆಸರಿರಬೇಕು ಅಂದುಕೊಂಡಿದ್ದಳು. ಓದು ಬಾರದವಳು.

"ಏನ ಬರದಾರ?"

"ಶ್ರೀ ಸೀತಾರಾಮ ಅವರ ಉದಾರ ದಾನ."

"ಎಲ್ಲಾರ ಬೆನ್ನ ಮ್ಯಾಗೂ ಅದೇನು?"

"ಕೊಂಡವರದು ಬರೇ ಬಿಳೇದು. ನಮಗಷ್ಟೇ ಹಿಂಗ." ಹುಡುಗಿ ಅಕ್ಷರ ಕಾಣದಂತೆ ಅಂಗಿ ಮಗುಚಿದಳು. "ಹಾಕ್ಕೊಂಡವರು ವರ್ಗದಾಗ ಹೋಗೂದ್ರಾಗ 'ದಾನ ಬಂತು, ದಾನ ಬಂತು' ಅಂತಾರ. ಇವತ್ತ ಗೆಳತಿ ಅಲಮೇಲೂನೂ ನನ್ನ ಬಾಜೂ ಕುಂದರಲಿಲ್ಲ."

ಬೆಳಿಗ್ಗೆ ಹೊಡೆದ ಕೈ ಹಾಲವ್ವನಿಗೆ ಬೇರೆ ಯಾರದೋ ಅನ್ನಿಸಿತು. ಎದ್ದು ಸೋಡಾ ಹಾಕಿ ತಿಕ್ಕಿದಳು, ಸೀಮೆಎಣ್ಣೆ ಹಾಕಿ ತಿಕ್ಕಿದಳು. ಬಟ್ಟೆ ಪಿಸಿಯಿತು, ಅಕ್ಷರ ಹಾಗೇ ಉಳಿಯಿತು.

"ಇರ್ಲಿ ಬಿಡ," ಎಂದ ಗಂಡ ಸಾಯಬಣ್ಣ. ಗಿರಣಿಯ ಮುಷ್ಕರ ಮುರಿದುಬಿದ್ದಾಗ ಕೆಲಸ ಬಿಟ್ಟವನು, ಈಗ ಗಟಾರ ತೋಡುತ್ತಿದ್ದ. "ಪುಕ್ಕಟೆ ಬಂದದ್ದು. ನಾ ಎಷ್ಟ ಮಂದಿ ಮುಂದ ತಲಿ ಬಗ್ಗಿಸಿಲ್ಲ?"

"ನೀ ಬಗ್ಗಿಸೀದಿ, ನಾನೂ ಬಗ್ಗಿಸೀನಿ. ಆಕಿ ಯಾಕ ಬಗ್ಗಿಸಬೇಕು?"

ಸಾಯಬಣ್ಣ ಸಲಿಕೆಯ ಮಣ್ಣು ಕೆರೆಯತೊಡಗಿದ.

ಮರುದಿನ ನಳದ ಸಾಲಿನಲ್ಲಿ ಹಾಲವ್ವ ಬಾಯಿಬಿಟ್ಟಳು. ಪಕ್ಕದ ಝೋಪಡಿಯ ನಾಗವ್ವನ ಕೊಡ ತುಂಬಿ ಹರಿಯುತ್ತಿದ್ದರೂ ಅವಳಿಗೆ ಎಚ್ಚರವಿಲ್ಲ.

"ಅದಕ್ಕಽ ಏನು ನಮ್ಮ ಹುಡುಗ ದೂಜ ಬೆನ್ನಿನ ದಪ್ತರದ ಚೀಲ ಇಳಸವಲ್ಲ! ಉಣ್ಣಾಗೂ ಹಾಕ್ಕೊಂಡೇ ಕುಂದರ್ತಾನ. ನಾ ಹುಚ್ಚ ಹಿಡೀತಂತ ಬೈದಿದ್ದೆ."

"ನಮ್ಮಾಕಿ ಶಾಲೀನೇ ಒಲ್ಲೆ ಅಂತಾಳ," ಎಂದಳು ಹಿಂದೆ ನಿಂತಿದ್ದ ಹನುಮವ್ವ.

ಯಾರೂ ಸಭೆ ಕರೆಯಲಿಲ್ಲ, ಭಾಷಣ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಹೆಂಗಸರು ಕೂಲಿಗೆ ನಿಲ್ಲುವ ನಾಕಾಕ್ಕೆ ಹೋಗಲಿಲ್ಲ. ಮಕ್ಕಳಿಗೆ ಮನೆಯ ಬಟ್ಟೆ ತೊಡಿಸಿ, ದಾನದ ಅಂಗಿಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಶಾಲೆಗೆ ನಡೆದರು. ಮಕ್ಕಳನ್ನು ಗೇಟಿನ ಹೊರಗೇ ನಿಲ್ಲಿಸಿ ಒಳಗೆ ಹೋದರು. ಅಂದು ಸೀತಾರಾಮ ಬಂದಿದ್ದರು. ಮೇಜಿನ ಮೇಲೆ ಅಂಗಿಗಳ ರಾಶಿ ಬಿತ್ತು.

"ಏನಿದು?"

"ನಿಮ್ಮ ಹೆಸರು," ಎಂದಳು ಹಾಲವ್ವ. "ಇದನ್ನ ತೆಗದ ಕೊಡ್ರಿ, ಹಾಕ್ತೀವಿ."

ಸೀತಾರಾಮರ ಮುಖ ಕೆಂಪಾಯಿತು. "ಕೊಟ್ಟೋರ ಹೆಸರು ಹಾಕೋದು ಪದ್ಧತಿ ಕಣಮ್ಮ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೂ ಇರತ್ತೆ."

"ನನ್ನ ಮಗಳು ಟ್ಯೂಬ್‌ಲೈಟ್ ಏನ್ರಿ?"

"ನಾಲಿಗೆ ಬಿಗಿ ಹಿಡಿದು ಮಾತಾಡು!" ಸತ್ಯಮೂರ್ತಿ ಎದ್ದೇ ನಿಂತರು. "ಉಪಕಾರ ಸ್ಮರಣೆ ಇಲ್ಲದ ಜನ. ಅವತ್ತು ಕಾಲಿಗೆ ಬಿದ್ದೋಳು ನೀನೇ ತಾನೆ?"

"ಬಿದ್ದೀನ್ರಿ. ಮಗಳ ಬೆನ್ನ ಮಾರಾಕ ಬಿದ್ದಿರಲಿಲ್ಲ." ಹಾಲವ್ವ ಗೋಡೆಗೆ ಕೈ ತಟ್ಟಿದಳು. "ಈ ಮ್ಯಾಲಿನ ಮಾಳಿಗಿ ಕಟ್ಟಾಗ ಬಸುರಿ ಇದ್ದೆ. ಒಂಬತ್ತು ತುಂಬೂತನಾ ಗಾರಿ ಹೊತ್ತೀನಿ. ನನ್ನ ಹೆಸರು ಈ ಗ್ವಾಡಿ ಮ್ಯಾಗ ಎಲ್ಲದ, ತೋರಸ್ರಿ ನೋಡೋಣ."

ಸೀತಾರಾಮ ಅಂಗಿಗಳ ರಾಶಿಯನ್ನು ಮೇಜಿನ ಅಂಚಿಗೆ ತಳ್ಳಿದರು.

"ಇವರನ್ನು ಹೊರಗೆ ಕಳಿಸಿ," ಎಂದರು ಸೀತಾರಾಮ, ಅವಳ ಮುಖ ನೋಡದೆ. "ಯೂನಿಫಾರ್ಮ್ ಇಲ್ಲದ ಒಂದು ಮಗುವೂ ಒಳಗೆ ಬರಕೂಡದು. ಕಷ್ಟ ಆದ್ರೆ ಬೇರೆ ಶಾಲೆ ನೋಡ್ಕೊಳ್ಳಲಿ."

ಹೆಂಗಸರು ಹೊರಬಿದ್ದರು. ಅವರ ಹಿಂದೆಯೇ ಪ್ಯೂನ್ ಗೇಟಿಗೆ ಬೀಗ ಜಡಿದ. ಒಳಗೆ ಬಿಳಿ, ನೀಲಿ. ಹೊರಗೆ ಹಳದಿ, ಕೆಂಪು, ಮಾಸಿದ್ದು, ತೇಪೆ ಹಚ್ಚಿದ್ದು. ಮನೆಗೆ ಹೋಗೋಣವೆಂದು ಒಬ್ಬಳೂ ಅನ್ನಲಿಲ್ಲ. ಒದ್ದೆ ಫುಟ್‌ಪಾತಿನ ಮೇಲೆಯೇ ಕೂತರು.

ನಾಲ್ಕನೇ ಇಯತ್ತೆಯ ಕಿಟಕಿ ಗೇಟಿಗೆ ಹತ್ತಿರ. ವಿಮಲಾ ಟೀಚರ್ ಹಾಜರಿ ಕರೆಯುವುದು ಕೇಳಿಸುತ್ತಿತ್ತು. ಒಂದೊಂದು ಹೆಸರಿಗೂ ಒಂದೊಂದು ದನಿ. ಕಿಟ್ಟು ಅಂದರು. ಅದಾದ ಮೇಲೆ ದೂಜನ ಹೆಸರು ಬರಬೇಕಿತ್ತು, ಬರಲಿಲ್ಲ. ಸೇವಂತಿಯದೂ ಬರಲಿಲ್ಲ.

ಸೇವಂತಿ ಎದ್ದಳು. ಗೇಟಿನ ಸರಳು ಹಿಡಿದು ಕೂಗಿದಳು.

"ಟೀಚರ್! ಸೇವಂತಿ ಹಾಜರ್ ಇದಾಳ್ರೀ!"

ಹಾಜರಿ ನಿಂತಿತು. ವಿಮಲಾ ಟೀಚರ್ ಕಿಟಕಿಯತ್ತ ನೋಡಿದರು, ವರಾಂಡದಲ್ಲಿ ನಿಂತ ಹೆಡ್‌ಮಾಸ್ತರರತ್ತ ನೋಡಿದರು, ತಲೆ ತಗ್ಗಿಸಿದರು.

"ದೂಜ ಹಾಜರ್!" ಇನ್ನೊಂದು ದನಿ. ಅದರ ಬೆನ್ನಿಗೇ ಮತ್ತೊಂದು, ಮಗದೊಂದು. ಎದುರಿನ ಬಿಲ್ಡಿಂಗಿನ ಮೇಲೆ ಗಾರೆ ಹೊರುವವರು ನಿಂತು ನೋಡತೊಡಗಿದರು.

ಸತ್ಯಮೂರ್ತಿ ಧಾವಿಸಿ ಬಂದು ಕಿಟಕಿಯ ಬಾಗಿಲನ್ನು ದಢಾರನೆ ಮುಚ್ಚಿದರು.

ಸೇವಂತಿ ತಿರುಗಿ ತಾಯಿಯನ್ನು ನೋಡಿದಳು. ಹಾಲವ್ವ ಎದ್ದು ಬಂದು ಮಗಳ ಪಕ್ಕ ನಿಂತು ಸರಳು ಹಿಡಿದಳು.

"ಇನ್ನೂ ಜೋರಿಲೆ ಒದರವ್ವ."