ದಿನಕ್ಕೊಂದು ಗುಳಿಗೆ

ಆದಮ್ಮ ಬಾಯಿ ತೆರೆದಾಗ ಯಂಕೋಬ ಮುಖ ತಿರುಗಿಸಿಕೊಂಡ. ತುಟಿಯಿಂದ ಗಂಟಲತನಕ ಬಿಳಿ ಹುಣ್ಣು, ಕೊಳೆತ ವಾಸನೆ. ಸಿಂಧನೂರಿನ ಈ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಔಷಧಿ ಕೊಡುತ್ತಿದ್ದ ಅವನಿಗೆ ರೋಗಿಗಳೆಂದರೆ ಕಿಂಡಿಯಲ್ಲಿ ತೂರಿಬರುವ ಚೀಟಿಗಳಷ್ಟೇ. ಇವತ್ತು ಚೀಟಿಯ ಹಿಂದೆ ಬಾಯಿಯೂ ಬಂದಿತ್ತು.

ತುರ್ವಿಹಾಳದ ಹೆಂಗಸು. ರಕ್ತದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ, ಮುಂದಿನ ಗುಳಿಗೆಗಳನ್ನು ಇಲ್ಲಿಂದ ಒಯ್ಯುತ್ತಿದ್ದಳು. ಹೇಗೆ ನುಂಗುತ್ತಾಳೆಂದು ಯಂಕೋಬ ಅವಳ ಗಂಡ ಮಾನಪ್ಪನನ್ನು ಕೇಳಿದ.

“ದಿನಾ ಒಂದೊಂದ್ರೀ, ನೀವು ಹೇಳಿದಂಗ. ಒಂದಿನಾನೂ ತಪ್ಪಿಸಿಲ್ರಿ.”

ಯಂಕೋಬ ಬೆಂಗಳೂರಿನ ಕಾಗದ ಬಿಡಿಸಿ ಓದಿದ. ವಾರಕ್ಕೊಮ್ಮೆ ಎಂದಿತ್ತು. ಇಲ್ಲಿಯ ಡಾಕ್ಟರು ಅದನ್ನು ಚೀಟಿಗೆ ಇಳಿಸುವಾಗ ದಿನಕ್ಕೊಮ್ಮೆ ಎಂದು ಬರೆದಿದ್ದರು. ಹನ್ನೆರಡು ದಿನದ ಹಿಂದೆ ಆ ಚೀಟಿ ನೋಡಿ ಪೊಟ್ಟಣ ಕಟ್ಟಿಕೊಟ್ಟವನು ತಾನೇ. ಈ ಕಾಗದವೂ ಅಂದು ಎದುರಿಗಿತ್ತು. ಓದಿರಲಿಲ್ಲ. ಊಟದ ಹೊತ್ತಾಗಿತ್ತು.

ಯಂಕೋಬ ಒಳಗೊಯ್ದು ತೋರಿಸಿದ ಕಾಗದ, ಚೀಟಿ ಎರಡನ್ನೂ ಡಾಕ್ಟರು ನೋಡಿ, ತಮ್ಮ ಚೀಟಿಯನ್ನು ಮೆಲ್ಲಗೆ ಡ್ರಾಯರಿಗೆ ಹಾಕಿಕೊಂಡರು.

“ಈ ರೋಗಕ್ಕ ಬಾಯಿಹುಣ್ಣು ಆಗೇ ಆಗ್ತಾವ.”

“ಗುಳಿಗಿ ವಿಷ ಆಗ್ಯಾವ್ರಿ ಸಾರ್. ಇವತ್ತೇ ರಾಯಚೂರಾಗ ಅದನ್ನ ಇಳಿಸೋ ಇಂಜೆಕ್ಷನ್ ಹಾಕಿಸಬೇಕು.”

“ಕಳಿಸ್ರಿ ಮತ್ತ. ಯಾಕಂತ ಹೇಳಬ್ಯಾಡ್ರಿ.”

ಆ ಮಾತಿನಿಂದ ತನ್ನ ಎದೆಯೂ ಹಗುರಾದದ್ದು ಗೊತ್ತಾಗಿ ಯಂಕೋಬನಿಗೆ ಹೇಸಿಗೆಯೆನಿಸಿತು. ರಾಯಚೂರಿಗೆ ಟ್ರಂಕ್ ಕಾಲ್ ಹಚ್ಚಿ, ಆ ಇಂಜೆಕ್ಷನ್ ಅಲ್ಲಿದೆಯೆಂದು ಖಾತ್ರಿ ಮಾಡಿಕೊಂಡ. ದಿನಕ್ಕೊಂದರಂತೆ ಹನ್ನೆರಡು ಗುಳಿಗೆ ನುಂಗಿದ್ದಾಳೆಂದು ಅಲ್ಲಿಯ ಡಾಕ್ಟರಿಗೆ ಪತ್ರ ಬರೆದ. ಹಾಗೆ ನುಂಗಲು ಹೇಳಿದವರು ಯಾರೆಂದು ಬರೆಯಲಿಲ್ಲ.

ಉಳಿದ ಗುಳಿಗೆ ಕೇಳಿದರೆ ಆದಮ್ಮ ಪೊಟ್ಟಣ ಬಿಡಲಿಲ್ಲ. ನುಂಗದಿದ್ದರೆ ಸಾಯುತ್ತೇನೆಂದು ತೊದಲಿದಳು. ಅವನು ಒಂದೊಂದೇ ಬೆರಳು ಬಿಡಿಸಿ ಕಸಿದುಕೊಂಡ. ಗುಳಿಗೆ ಹಳೆಯವಾಗಿವೆಯೆಂದು ಸುಳ್ಳು ಹೇಳಿದ.

ಬಸ್ ನಿಲ್ದಾಣಕ್ಕೆ ತಾನೇ ಕರೆದೊಯ್ದು ಹತ್ತಿಸಿದ. ಎಂಜಿನ್ ಶುರುವಾದ ಮೇಲೆ ಕಿಟಕಿಯ ಕೆಳಗೆ ಬಂದು ನಿಂತ.

“ಮಾನಪ್ಪ, ತಪ್ಪು...”

“ಏನಂದ್ರಿ?”

“ಏನಿಲ್ಲ. ಕಾಗದ ಜ್ವಾಕಿ.”

ಬಸ್ಸು ಕದಲಿತು. ನುಂಗಲಾಗದ ಜೊಲ್ಲನ್ನು ಆದಮ್ಮ ಕಿಟಕಿಯಾಚೆ ಉಗುಳಿದಳು. ರಕ್ತದ ಎಳೆ ಬೆರೆತ ಅದು ಗಾಳಿಗೆ ತಿರುಗಿ ಯಂಕೋಬನ ಬಿಳಿ ಅಂಗಿಯ ಮೇಲೆ ಬಿತ್ತು. ಹೆಂಡತಿಯ ತಲೆಯ ಮೇಲಿಂದ ಬಗ್ಗಿ, ಎರಡೂ ಕೈ ಹೊರಗೆ ಚಾಚಿ ಮುಗಿದು, ಮಾನಪ್ಪ ಕ್ಷಮೆ ಕೇಳುತ್ತಿದ್ದ. ಬಸ್ಸು ತಿರುವು ದಾಟುವವರೆಗೂ ಮುಗಿದ ಆ ಕೈಗಳು ಕಿಟಕಿಯಲ್ಲೇ ಇದ್ದವು.