ಹದಿಮೂರು ಇಂಚಿನ ಜೋಡಿ

ಧೂಳಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಬೀದಿಯಲ್ಲಿ ನಿಧಾನವಾಗಿ ಹೋಗುವುದೆಂದರೆ ಮರ್ಯಾದೆಗೆ ಕಡಿಮೆ ಎಂದು ತಿಳಿದವನಿಗೆ ಜನ ಇಟ್ಟ ಈ ಹೆಸರೇ ಗಟ್ಟಿಯಾಗಿ ಅಂಟಿಕೊಂಡಿತ್ತು. ಗುರುವಾರ ಮಧ್ಯಾಹ್ನ ಅವನ ಎತ್ತರಿಸಿದ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ಬಂದು ನಿಂತಾಗ, ಒಳಗೆ ಬೇರಿಂಗ್ ಡಬ್ಬಿಗಳನ್ನು ಜೋಡಿಸುತ್ತಿದ್ದ ಅಳತೆಯಕ್ಕನ ಕೈ ಅಲ್ಲೇ ನಿಂತಿತು. ತಿರುಗಿ ನೋಡುವ ಅಗತ್ಯ ಅವಳಿಗಿರಲಿಲ್ಲ. ಆ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಮೂರು ವರ್ಷದ ಹೊಟ್ಟೆಯ ಉರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಒಂದು ಕಾಲದಲ್ಲಿ ಅವಳಿಗೆ ಸ್ವಂತ ಗ್ಯಾರೇಜಿತ್ತು. ಕಲ್ಲು ಗುಡ್ಡ ಹತ್ತುವ ಗಾಡಿಗಳನ್ನು ಎತ್ತರಿಸಿ, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಆರಿಸಿ ಕೊಡುವುದು ಅವಳ ಕೆಲಸ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅಳತೆಯಕ್ಕ. ಕಂಪನಿಯ ಪಟ್ಟಿ ನೋಡಿ ಶಾಕ್ ಕೊಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಳೆಯದನ್ನು ಬಿಚ್ಚಿ, ಚಕ್ರವನ್ನು ಪೂರ್ತಿ ಮೇಲಕ್ಕೊತ್ತಿ ಒಂದು ಅಳತೆ, ಪೂರ್ತಿ ಕೆಳಗೆ ಜೋತುಬಿಟ್ಟು ಇನ್ನೊಂದು ಅಳತೆ. ಟೇಪಿನ ಇನ್ನೊಂದು ತುದಿಯನ್ನು ಗಾಡಿಯ ಯಜಮಾನನೇ ಹಿಡಿಯಬೇಕು, ಅಂಕಿಯನ್ನು ಚೀಟಿಯಲ್ಲಿ ಅವನೇ ಬರೆದು ಸಹಿ ಹಾಕಬೇಕು. ಇದು ಅವಳ ಕಟ್ಟುನಿಟ್ಟು. ಆದರೆ ಆ ಚೀಟಿಯನ್ನು ನಕಲು ಇಟ್ಟುಕೊಳ್ಳದೆ ಯಜಮಾನನ ಕೈಗೇ ಕೊಟ್ಟು ಕಳಿಸುತ್ತಿದ್ದಳು. ಅಷ್ಟೆಲ್ಲ ಕಟ್ಟುನಿಟ್ಟಿನವಳು ಮಾಡಿದ ಒಂದೇ ಒಂದು ಪೆದ್ದುತನ ಅದು.

ಮೂರು ವರ್ಷದ ಹಿಂದೆ ಧೂಳಪ್ಪನಿಗೆ ಹಿಂಬದಿಯ ಜೋಡಿ ಆರಿಸಿ ಕೊಟ್ಟವಳು ಅವಳೇ. ಆರು ದಿನಕ್ಕೆ ಗುಡ್ಡದ ರೇಸು. ಅವನು ಸ್ಟಿಯರಿಂಗ್ ಹಿಡಿದಿದ್ದ, ಪಕ್ಕದಲ್ಲಿ ದಾರಿ ಹೇಳಲು ಅವಳ ತಮ್ಮ ಕೂತಿದ್ದ. ಮೊದಲನೆಯ ದೊಡ್ಡ ಹಳ್ಳಕ್ಕೆ ಚಕ್ರ ಮೇಲೆ ಬಂತು, ಶಾಕ್ ಒಳಗೆ ಹೋಗಲು ಜಾಗವಿಲ್ಲದೆ ಕಬ್ಬಿಣದ ಸಲಾಕೆಯ ಹಾಗೆ ಸೆಟೆದು ನಿಂತು ತನ್ನನ್ನು ಹಿಡಿದಿದ್ದ ಬ್ರಾಕೆಟ್ಟನ್ನೇ ಕಿತ್ತುಹಾಕಿತು. ಗಾಡಿ ಮೂರು ಪಲ್ಟಿ ಹೊಡೆಯಿತು. ಧೂಳಪ್ಪನ ಹಣೆಗೆ ಒಂದು ತರಚು ಗಾಯ. ತಮ್ಮನ ಎಡ ಮೊಣಕಾಲು ಅವತ್ತಿನಿಂದ ಮಡಚಲಿಲ್ಲ.

ರೇಸಿನ ತಪಾಸಣೆಯವನು ಬಂದು ನೋಡಿ, ಶಾಕ್ ಉದ್ದ ಜಾಸ್ತಿಯಾಗಿದೆ ಎಂದು ಬರೆದುಕೊಂಡು ಹೋದ. ಧೂಳಪ್ಪ ಒಂದು ನಿಮಿಷವೂ ಯೋಚಿಸಲಿಲ್ಲ. ನನಗೇನು ಗೊತ್ತು, ಅಕ್ಕ ಅಳೆದು ಕೊಟ್ಟಿದ್ದು ಎಂದು ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ ಕೈ ತೊಳೆದುಕೊಂಡ. ಹತ್ತು ದಿನ ಅವಳು ಆಸ್ಪತ್ರೆಯಲ್ಲಿ ತಮ್ಮನ ಮಂಚದ ಪಕ್ಕ ಕೂತಿದ್ದಳು. ಹೊರಗೆ ಬಂದು ಕೇಳುವಷ್ಟರಲ್ಲಿ ಮುರಿದ ಶಾಕ್‌ಗಳು ಗುಜರಿಗೆ ಹೋಗಿದ್ದವು, ಚೀಟಿ ಕಳೆದುಹೋಗಿತ್ತು. ಗಾಡಿಯನ್ನೂ ಅವನು ಎಲ್ಲೋ ದೂರಕ್ಕೆ ಕಳಿಸಿ ರಿಪೇರಿ ಮಾಡಿಸಿದ. ಆರು ತಿಂಗಳಲ್ಲಿ ಗ್ಯಾರೇಜಿನ ಬಾಗಿಲು ಮುಚ್ಚಿತು. ಅಳತೆಯಕ್ಕ ಹೋಗಿ ಜನರ ಬಾಯಲ್ಲಿ ತಪ್ಪಳತೆ ಆದಳು. ಕೊನೆಗೆ ಚಿಕ್ಕಪ್ಪನೇ ತನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅವಳಿಗೆ ಗೋದಾಮಿನ ಕೆಲಸ, ತಮ್ಮನಿಗೆ ಬಿಲ್ಲಿನ ಮೇಜು ಕೊಟ್ಟ.

ಇದೆಲ್ಲವನ್ನೂ ಅವಳು ನುಂಗಿಕೊಂಡಾಳು. ನುಂಗಲು ಆಗದಿದ್ದದ್ದು ತಮ್ಮನ ಕ್ಷಮೆ. ನಾನು ಕೊಟ್ಟದ್ದು ಸರಿಯಾದ ಅಳತೆಯದೇ ಕಣೋ ಎಂದು ಅವಳು ಬಾಯಿ ತೆರೆದರೆ ಸಾಕು, ಅವನು ತುಂಬ ಮೆತ್ತಗೆ, "ಹೋಗ್ಲಿ ಬಿಡಕ್ಕ, ತಪ್ಪು ಯಾರಿಗಾಗಲ್ಲ" ಎನ್ನುತ್ತಿದ್ದ. ಮೂರು ವರ್ಷದಲ್ಲಿ ಎಷ್ಟು ಸಲ ಅಂದನೋ ಲೆಕ್ಕವಿಲ್ಲ. ಬೈದಿದ್ದರೆ ಅವಳೂ ಬೈಯಬಹುದಿತ್ತು. ಕ್ಷಮಿಸುವವನ ಜೊತೆ ಜಗಳವಾಡುವುದು ಹೇಗೆ?

ಈಗ ಧೂಳಪ್ಪ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಒಳಗೆ ಬಂದು, ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಚಿಕ್ಕಪ್ಪನ ಹತ್ತಿರ ಮಾತಾಡಿದ. ಭಾನುವಾರ ರೇಸಿದೆ, ಹಿಂದಿನ ಶಾಕ್ ಎರಡೂ ಎಣ್ಣೆ ಸೋರುತ್ತಿವೆ, ಬೇರೆ ಕಡೆ ತರಿಸಲು ಎರಡು ವಾರ ಬೇಕಂತೆ, ನಿಮ್ಮಲ್ಲಿ ಇದೆಯಂತಲ್ಲ ಎಂದ. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, ನಾನು ಮಾರುವವನು ಅಷ್ಟೇ, ಎತ್ತರಿಸಿದ ಗಾಡಿಗೆ ಆರಿಸಿ ಕೊಡುವವಳು ನನ್ನ ಅಣ್ಣನ ಮಗಳು ಎಂದ.

ಆಗ ಧೂಳಪ್ಪ ಅವಳ ಕಡೆ ತಿರುಗಿ ಹಲ್ಲು ಬಿಟ್ಟ. ಹಿಂದೆ ಅವಳಿಗೆ ನೀವು ಎನ್ನುತ್ತಿದ್ದವನು.

"ನೀನೇನಾ? ಸರಿ. ಈ ಸಲನಾದ್ರೂ ನೆಟ್ಟಗೆ ಅಳೆ ತಾಯಿ."

ಗೆಳೆಯರು ನಕ್ಕರು. ಬಿಲ್ಲಿನ ಮೇಜಿನಲ್ಲಿ ಅವಳ ತಮ್ಮ ತಲೆ ತಗ್ಗಿಸಿದ. ಅವಮಾನವಾದದ್ದು ತನಗೋ ಅಕ್ಕನಿಗೋ ಎಂದು ಅವನಿಗೇ ತಿಳಿದಿರಲಿಕ್ಕಿಲ್ಲ. ಅಕ್ಕ ಗೋದಾಮಿಗೆ ಹೋದಳು.

ಅಟ್ಟಣಿಗೆಯಲ್ಲಿ ಅವನ ಗಾಡಿಗೆ ಕೂರುವಂಥ ಎರಡು ಬಗೆ ಇದ್ದವು. ಒಂದು ಮುಚ್ಚಿದಾಗ, ಅಂದರೆ ಪೂರ್ತಿ ಒಳಗೆ ಒತ್ತಿದಾಗ, ಹದಿಮೂರು ಇಂಚು, ಇನ್ನೊಂದು ಹದಿನೈದು. ಒಂದೇ ಕಂಪನಿ, ಒಂದೇ ಕಪ್ಪು ಬಣ್ಣ, ಬೋಲ್ಟಿನ ತೂತೂ ಒಂದೇ. ಊರೊಳಗೆ ಓಡಾಡಿದರೆ ದೇವರಿಗೂ ವ್ಯತ್ಯಾಸ ಗೊತ್ತಾಗದು. ಭಾನುವಾರ ಮೊದಲನೆಯ ಹಳ್ಳಕ್ಕೆ ಮಾತ್ರ ಗೊತ್ತಾಗುತ್ತದೆ. ಅವಳ ಕೈ ಹದಿನೈದರ ಡಬ್ಬಿಯ ಮೇಲೆ ಹೋಗಿ ಕೂತಿತು. ಮೂರು ಪಲ್ಟಿ. ಈ ಸಲ ಧೂಳಪ್ಪನ ಮೊಣಕಾಲು. ಅವನಿಗೂ ಯಾರಾದರೂ ಮೆತ್ತಗೆ ಹೋಗ್ಲಿ ಬಿಡು ಅನ್ನಲಿ. ಅವಳು ಡಬ್ಬಿಯನ್ನು ಅರ್ಧ ಹೊರಗೆಳೆದೇಬಿಟ್ಟಳು.

ಅವಳನ್ನು ತಡೆದದ್ದು ಒಳ್ಳೆಯತನ ಎಂದು ಯಾರೂ ತಿಳಿಯಬೇಕಾಗಿಲ್ಲ. ಒಳ್ಳೆಯತನ ಆ ಹೊತ್ತಿಗೆ ಅವಳ ಹತ್ತಿರ ಸುಳಿದಿರಲಿಲ್ಲ. ಇದು ಮುರಿದರೆ ಜನ ಏನನ್ನುತ್ತಾರೆ ಎಂದು ಹೊಳೆಯಿತು ಅಷ್ಟೇ. ನೋಡಿದಿರಾ, ಅವಳ ಅಳತೆ ಎರಡನೆಯ ಸಲವೂ ತಪ್ಪು, ಅವನು ಅವತ್ತು ಹೇಳಿದ್ದೇ ನಿಜ. ಅವನ ಸುಳ್ಳಿಗೆ ತಾನೇ ಮೊಳೆ ಹೊಡೆದು ಕೊಟ್ಟ ಹಾಗಾಗುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಡಬ್ಬಿಯನ್ನು ಒಳಗೆ ತಳ್ಳಿ, ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಬಂದಳು.

ಹಿಂದಿನ ಶೆಡ್ಡಿನಲ್ಲಿ ಗಾಡಿಯನ್ನು ಜ್ಯಾಕಿನ ಮೇಲೆ ನಿಲ್ಲಿಸಿ, ಪುಟ್ಟ ಗಾಲಿಗಳಿದ್ದ ಹಲಗೆಯ ಮೇಲೆ ಮಲಗಿ ಕೆಳಗೆ ಸರಿದಳು. ಮೊದಲು ಹಳೆಯ ಶಾಕ್ ಬಿಚ್ಚಬೇಕು. ಅವುಗಳ ಮೇಲೆ ಕೆಸರು ಎಣ್ಣೆ ಸೇರಿ ಬಿಸ್ಕತ್ತಿನ ಹಾಗೆ ಗಟ್ಟಿಕಟ್ಟಿತ್ತು. ಎಡಗಡೆಯದು ಬಿಚ್ಚಿಕೊಂಡು ಎದೆಯ ಮೇಲೆ ಇಳಿಯಿತು. ಬೋಲ್ಟು ಒರೆಸಲೆಂದು ಬಟ್ಟೆ ಆಡಿಸಿದಾಗ ಬೋಲ್ಟು ಕೂರುವ ಕೆಳಗಿನ ಉಕ್ಕಿನ ಬಳೆಯ ಒಳಮೈಯಲ್ಲಿ ಏನೋ ಒರಟಾಗಿ ಬೆರಳಿಗೆ ತಗುಲಿತು.

ಅಂಕಿಗಳು. ಮೊದಲು 13. ಅದರ ಪಕ್ಕ ಒಂದು ತಾರೀಖು.

ಅವಳು ಬಟ್ಟೆಯಿಂದ ಮತ್ತೊಮ್ಮೆ ಉಜ್ಜಿ ನೋಡಿದಳು. ಗ್ಯಾರೇಜಿನಲ್ಲಿ ಆರಿಸಿದ ಪ್ರತಿ ಶಾಕ್‌ಗೂ, ಯಾರ ಕಣ್ಣಿಗೂ ಬೀಳದ ಈ ಜಾಗದಲ್ಲಿ, ಮುಚ್ಚಿದ ಅಳತೆ ಮತ್ತು ತಾರೀಖನ್ನು ಉಕ್ಕಿನ ಅಚ್ಚಿನಿಂದ ಕುಟ್ಟುವುದು ಅವಳ ಪದ್ಧತಿ. ಮುಂದೆ ರಿಪೇರಿಗೆ ಬಂದರೆ ತಮಗೆ ಗೊತ್ತಾಗಲಿ ಎಂದು. ಕುಟ್ಟುತ್ತಿದ್ದವನು ತಮ್ಮ. ಒಂದು ಸಲ ಅವನ ಕೈಯಿಂದ ಮೂರರ ಅಚ್ಚು ಕಲ್ಲಿನ ಮೇಲೆ ಬಿದ್ದು ಬಾಲ ಮುರಿದಿತ್ತು. ಅಂದಿನಿಂದ ಅವರ ಗ್ಯಾರೇಜಿನ ಮೂರುಗಳೆಲ್ಲ ಬಾಲವಿಲ್ಲದ ಮೂರುಗಳು. ಇಲ್ಲಿಯೂ ಬಾಲವಿರಲಿಲ್ಲ. ತಾರೀಖು ರೇಸಿಗೆ ಆರು ದಿನ ಮುಂಚಿನದು.

ಬಲಗಡೆಯದನ್ನೂ ಬಿಚ್ಚಿ ಒರೆಸಿದಳು. ಅದೇ ಅಂಕಿ, ಅದೇ ತಾರೀಖು. ಅವಳು ಕೊಟ್ಟ ಜೋಡಿ ಮುರಿದೇ ಇರಲಿಲ್ಲ! ರೇಸಿಗೆ ಮುಂಚೆ ಅವನೇ ಇವನ್ನು ಬಿಚ್ಚಿ ಬೇರೆ ಯಾವುದೋ ಉದ್ದದ್ದನ್ನು ಹಾಕಿದ್ದ. ಅದು ಮುರಿದ ಮೇಲೆ, ಒಂದು ನಟ್ಟನ್ನೂ ಬಿಸಾಡದ ಜಿಪುಣ, ಇವನ್ನೇ ಮತ್ತೆ ಹಾಕಿಕೊಂಡು ಮೂರು ವರ್ಷ ಊರೆಲ್ಲ ಮೆರೆದಿದ್ದ. ಮಲಗಿದಲ್ಲೇ ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಎರಡನ್ನೂ ಗಾಡಿಯ ಕೆಳಗೇ ಮುಗಿಸಿ, ಮುಖ ಒರೆಸಿಕೊಂಡು, ಜೋಡಿಯನ್ನು ಗೋಣಿಚೀಲದ ಮೇಲಿಟ್ಟು ಹೊರಗೆ ಬಂದಳು.

ಧೂಳಪ್ಪನ ಕೈಗೆ ಟೇಪಿನ ತುದಿ ಕೊಟ್ಟಳು. ಚಕ್ರ ಮೇಲೊತ್ತಿದಾಗ ಶಾಕ್‌ಗೆ ಸಿಗುವ ಜಾಗ ಹದಿಮೂರೂವರೆ ಇಂಚು, ಜೋತುಬಿಟ್ಟಾಗ ಇಪ್ಪತ್ತಮೂರು. ಅವನೇ ಬರೆದ. ಈಗ ಅವಳು ಕೆಳಗೆ ಕಾರ್ಬನ್ ಇಟ್ಟು ಎರಡು ಪ್ರತಿ ಬರೆಸುತ್ತಿದ್ದಳು. ಆಮೇಲೆ ಚೀಟಿಯ ಪ್ರಶ್ನೆಗಳು. ಗಾಡಿಯ ಎತ್ತರ ಬದಲಾಯಿಸಿದ್ದೀರಾ, ಸ್ಪ್ರಿಂಗ್ ಬದಲಾಯಿಸಿದ್ದೀರಾ? ಎಲ್ಲಕ್ಕೂ ಇಲ್ಲ ಎಂದು ಬರೆದ.

"ಈಗ ಬಿಚ್ಚಿದ್ದು ಯಾವಾಗ ತಗೊಂಡಿದ್ದು?"

"ಆಕ್ಸಿಡೆಂಟ್ ಆದ್ಮೇಲೆ. ಎರಡೂವರೆ ವರ್ಷ ಆಗಿರ್ಬೇಕು. ಬೇರೆ ಊರಲ್ಲಿ ತಗೊಂಡೆ."

"ಬರೀರಿ. ನಾನು ಕೊಟ್ಟ ಜೋಡಿ ಏನಾಯ್ತು?"

ಅವನು ಗೆಳೆಯರ ಕಡೆ ಕಣ್ಣು ಮಿಟುಕಿಸಿದ. "ಏನಾಗುತ್ತೆ? ಅವತ್ತೇ ಮುರಿದು ಗುಜರಿಗೆ ಹೋಯ್ತಲ್ಲ. ಇಡೀ ಊರಿಗೆ ಗೊತ್ತು."

"ಅದನ್ನೂ ಬರೀರಿ. ಚೀಟಿ ಪೂರ್ತಿ ಆಗ್ಬೇಕು."

ಗಾಯದ ಮೇಲೆ ಉಪ್ಪು ಹಾಕಲು ಸಿಕ್ಕ ಅವಕಾಶವನ್ನು ಅವನು ಬಿಡುವವನೇ? ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಬಾಲ ತಿರುಚಿದ ದೊಡ್ಡ ಸಹಿ ಹಾಕಿದ.

ಅವಳು ಚೀಟಿಯನ್ನೂ ಒಂದು ಶಾಕನ್ನೂ ಎತ್ತಿಕೊಂಡು ಅಂಗಡಿಯೊಳಗೆ ನಡೆದಳು. ಧೂಳಪ್ಪ ಮತ್ತು ಗೆಳೆಯರು ಹೊಸ ಜೋಡಿ ಕೊಡುತ್ತಾಳೆಂದು ಹಿಂದೆಯೇ ಬಂದರು. ಅವಳು ತಮ್ಮನ ಮೇಜಿನ ಮೇಲೆ, ಬಿಲ್ ಪುಸ್ತಕದ ಮೇಲೆಯೇ, ಆ ಎಣ್ಣೆ ಮೆತ್ತಿದ ಶಾಕನ್ನು ಇಟ್ಟಳು.

"ಇದರಲ್ಲಿ ಏನು ಬರೆದಿದೆ ಜೋರಾಗಿ ಓದು. ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ ಅಂತಾರೆ ಜನ."

ತಮ್ಮ ಬೇಸರದಿಂದಲೇ ಬಳೆಯನ್ನು ಬೆಳಕಿಗೆ ತಿರುಗಿಸಿದ. ಹದಿಮೂರು ಎಂದ. ತಾರೀಖು ಓದಲು ಬಾಯಿ ತೆರೆದವನು ಅಲ್ಲೇ ನಿಂತ. ಅವನ ಹೆಬ್ಬೆರಳು ಬಾಲವಿಲ್ಲದ ಮೂರರ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿತು. ಅಚ್ಚನ್ನು ಕಲ್ಲಿನ ಮೇಲೆ ಬೀಳಿಸಿದ ಕೈ ಅದೇ. ಅವನು ಶಾಕ್ ನೋಡಿದ, ಚೀಟಿ ಓದಿದ, ಮತ್ತೆ ಶಾಕ್ ನೋಡಿದ.

"ಇದು ನಾನು ಕುಟ್ಟಿದ್ದು," ಎಂದ. "ಇದು ಅಕ್ಕ ಕೊಟ್ಟ ಜೋಡಿ. ಹಾಗಾದ್ರೆ ಅವತ್ತು ಮುರಿದಿದ್ದು ಯಾವುದೋ?"

ಧೂಳಪ್ಪ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಮೊದಲು ಯಾರೋ ಅಚ್ಚು ಬದಲಾಯಿಸಿರಬೇಕು ಎಂದ. ಆಮೇಲೆ ನೆನಪಿಲ್ಲ ಎಂದ. ಪಕ್ಕದ ಟೈರ್ ಅಂಗಡಿಯವನೂ ವೆಲ್ಡಿಂಗಿನವನೂ ಅಷ್ಟು ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಗೆಳೆಯರಲ್ಲಿ ಒಬ್ಬನೇ, ಹೇಳಿಬಿಡೋ ಎಂದು ನೆಲ ನೋಡುತ್ತ ಗೊಣಗಿದ. ಆಗ ಒಂದೊಂದೇ ಹೊರಬಂತು. ಉದ್ದದ ಶಾಕ್ ಹಾಕಿದರೆ ಗಾಡಿಯ ಹಿಂಭಾಗ ಇನ್ನೂ ಎತ್ತರ ಕಾಣುತ್ತದೆ ಎಂದು ಯಾರೋ ಹೇಳಿದ್ದರಂತೆ. ರೇಸಿನ ಹಿಂದಿನ ದಿನ ತಾನೇ ಬದಲಾಯಿಸಿದನಂತೆ. ಎತ್ತರವೇನೂ ಹೆಚ್ಚಲಿಲ್ಲವಂತೆ, ಆದರೂ ಬಿಚ್ಚಲು ಬೇಜಾರಾಯಿತಂತೆ.

ಬಿಚ್ಚಲು ಬೇಜಾರು. ಅಕ್ಕ ಆ ಎರಡು ಮಾತನ್ನು ತಮ್ಮನ ಮಡಚದ ಕಾಲಿನ ಪಕ್ಕದಲ್ಲಿಟ್ಟು ನೋಡಿದಳು. ಕೂಗಾಡಬೇಕು ಎಂದು ಮೂರು ವರ್ಷ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆ.

"ನಿನ್ನ ಗಾಡಿಗೆ ಸರಿಯಾದ ಜೋಡಿ ಒಳಗಿದೆ," ಎಂದಳು. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ನೀನು ಎಂದಿದ್ದಳು. "ಹದಿಮೂರು ಇಂಚಿಂದು. ಕೊಡೋದು ಬಿಡೋದು ನನ್ನ ತಮ್ಮನ ಕೈಲಿದೆ. ಅವನನ್ನ ಕೇಳು."

ಧೂಳಪ್ಪ ಕೇಳಿದ. ಕೇಳಲೇಬೇಕಾಯಿತು. ಬಿಲ್ ಪುಸ್ತಕವನ್ನು ತಮ್ಮ ಪಟ್ಟೆಂದು ಮುಚ್ಚಿದ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದೇ ಇಲ್ಲವೆಂದು ಕೊಚ್ಚಿಕೊಳ್ಳುತ್ತಿದ್ದ ಚಿಕ್ಕಪ್ಪ ಎದ್ದು ಹೋಗಿ ಗೋದಾಮಿನ ಬಾಗಿಲಿಗೆ ಅಗುಳಿ ಹಾಕಿ ಬಂದ. ಹಾಗಾದರೆ ಆ ಹಳೆಯದನ್ನೇ ಹಾಕಿಕೊಡಿ ಎಂದು ಧೂಳಪ್ಪ ಅಂಗಲಾಚಿದ. ಅದು ಸಾಕ್ಷಿ, ಇಲ್ಲೇ ಇರುತ್ತದೆ, ಬೇಕಿದ್ದರೆ ಪೊಲೀಸರನ್ನು ಕರೆದುಕೊಂಡು ಬಾ ಎಂದಳು ಅಕ್ಕ. ಚೀಟಿಯ ಒಂದು ಪ್ರತಿಯನ್ನು ಪದ್ಧತಿಯ ಪ್ರಕಾರ ಅವನ ಜೇಬಿಗೆ ಅವಳೇ ಮಡಚಿ ಇಟ್ಟಳು.

ಶಾಕ್ ಇಲ್ಲದ ಗಾಡಿ ನಿಲ್ಲುವುದನ್ನು ಮರೆತಿರುತ್ತದೆ. ಒಂದು ಸಣ್ಣ ಉಬ್ಬಿಗೆ ಹತ್ತು ಸಲ ಕುಣಿಯುತ್ತದೆ. ಅಷ್ಟೆತ್ತರದ ಗಾಡಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ನಡೆಯುವವರಿಗಿಂತ ನಿಧಾನವಾಗಿ, ಹಿಂಭಾಗ ಎತ್ತಿ ಎತ್ತಿ ಇಳಿಸುತ್ತ ಹೋಯಿತು. ಒಳಗೆ ಮೂರು ತಲೆಗಳು ಮೇಲೂ ಕೆಳಗೂ ಹಾರುತ್ತಿದ್ದವು. ವೆಲ್ಡಿಂಗಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಟೈರ್ ಅಂಗಡಿಯವನು ಫೋನೆತ್ತಿ ಊರಿಗೆಲ್ಲ ಸುದ್ದಿ ಮುಟ್ಟಿಸತೊಡಗಿದ. ಅಳತೆಯಕ್ಕ ಕೊಟ್ಟದ್ದು ಸರಿಯಿತ್ತಂತೆ ಕಣ್ರೀ ಎಂದು ಅವನು ಹೇಳಿದ್ದು ಅವಳ ಕಿವಿಗೆ ಬಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಹೊಟ್ಟೆ ತಣ್ಣಗಾಯಿತು.

ಒಳಗೆ ಬಂದಾಗ ತಮ್ಮ ಇನ್ನೂ ಶಾಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಗಿಯೆಲ್ಲ ಎಣ್ಣೆಯಾಗಿತ್ತು.

"ಅಕ್ಕ," ಎಂದ. "ನಾನು ಮೂರು ವರ್ಷ ನಿನಗೆ..."

ಇದಕ್ಕೆ ಉತ್ತರ ಏನೆಂದು ಅವಳಿಗೆ ಗೊತ್ತಿತ್ತು. ಎರಡೇ ಶಬ್ದ, ಹೋಗ್ಲಿ ಬಿಡು. ಅವನೇ ಅವಳಿಗೆ ಅಷ್ಟು ಸಲ ಹೇಳಿ ಕಲಿಸಿದ್ದ. ಅವನು ತಲೆಯೆತ್ತಿ ಅದಕ್ಕಾಗಿಯೇ ಕಾಯುತ್ತಿದ್ದ. ಅವನ ಮಡಚದ ಕಾಲು ನೋಡಿ ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ಆದರೂ ಹೇಳಲಿಲ್ಲ. ಹೇಳುತ್ತಾಳೆ, ಎಂದಾದರೂ ಒಂದು ದಿನ ಹೇಳೇ ಹೇಳುತ್ತಾಳೆ. ಅಲ್ಲಿಯವರೆಗೆ ಅವನೂ ಸ್ವಲ್ಪ ಕಾಯಲಿ.

ಅವಳು ಕೊರಳಿನ ಟೇಪು ತೆಗೆದು, ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು.

"ಹಿಡ್ಕೋ," ಎಂದಳು. "ಮುಚ್ಚಿದಾಗ ಎಷ್ಟಿದೆ, ನೀನೇ ಓದು."